ಮೋಲ್ ಎಂಬ ಗುಮ್ಮ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ರಸಾಯನಶಾಸ್ತ್ರದ ಮಾತೇಕೆ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಕವಿತೆ, ಹರಟೆ, ಪ್ರವಾಸ ಕಥನ, ಒಂದೆರಡು ನಗೆಹನಿ, ಇವುಗಳ ನಡುವೆ ಗ್ರಾಮು, ಪರಮಾಣು ಎಂಬ ಒಣ ಮಾತುಗಳು ಹೊಂದಿಕೊಳ್ಳಲಾರವೆಂಬ ಶಂಕೆ ಸಹಜವೇ. ಆದರೆ ಇಂದು ಇಲ್ಲಿ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಓದುತ್ತಿರುವ ನಮ್ಮಲ್ಲಿ ಎಷ್ಟು ಮಂದಿ ಒಂದು ಕಾಲಕ್ಕೆ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದವರು, ಅಲ್ಲಿಂದ ಏಕೆ ಎದ್ದು ಬಂದರು ಎಂದು ವಿಚಾರಿಸಿ ನೋಡಿ. ಕೆಲವರು ಇಷ್ಟಪಟ್ಟು ಬಂದವರು, ನಾನೂ ಅವರಲ್ಲೊಬ್ಬ. ಆದರೆ ಹೆದರಿ ಬಂದವರೂ ಇದ್ದಾರೆ. ಯಾವುದಕ್ಕೆ ಹೆದರಿದಿರಿ ಎಂದರೆ ನನ್ನ ಗೆಳೆಯರಿಂದ ನಾನು ಪದೇ ಪದೇ ಕೇಳಿರುವ ಉತ್ತರ ಒಂದೇ: "ಕೆಮಿಸ್ಟ್ರಿ ಲೆಕ್ಕ." ಆ ಲೆಕ್ಕದ ಬಾಗಿಲಲ್ಲಿ ನಿಂತಿರುವ ಗುಮ್ಮನ ಹೆಸರು ಮೋಲ್.

ಗುಮ್ಮನ ಸ್ವಭಾವ ಎಲ್ಲರಿಗೂ ತಿಳಿದದ್ದೇ. ದೂರದಿಂದ ನೋಡಿದವರಿಗೆ ಅದು ಭಯ. ಹತ್ತಿರ ಹೋಗಿ ಮುಟ್ಟಿದವರಿಗೆ ಒಂದು ಕೋಲು, ಅದರ ಮೇಲೊಂದು ಕಂಬಳಿ. ಮೋಲ್ ಎಂಬುದು ಕಷ್ಟದ ವಿಷಯವಲ್ಲ. ಅದನ್ನು ನಾವು ಕಲಿಯುವ ಕ್ರಮ ತಲೆಕೆಳಗಾಗಿದೆ. ಆ ಕ್ರಮವನ್ನು ನೆಟ್ಟಗೆ ಮಾಡಿದರೆ ವಿಜ್ಞಾನ ತನಗಲ್ಲವೆಂದು ಕೈಚೆಲ್ಲುವ ಅನೇಕರು ಅಲ್ಲಿಯೇ ನಿಲ್ಲುತ್ತಾರೆ. ಇಷ್ಟನ್ನೇ ಈ ಲೇಖನದಲ್ಲಿ ವಾದಿಸಬಯಸುತ್ತೇನೆ.

ನಾನಿರುವ ವಿದ್ಯಾರ್ಥಿನಿಲಯದಲ್ಲಿ ಪದವಿಪೂರ್ವ ತರಗತಿಯ ಹುಡುಗರೂ ಇದ್ದಾರೆ. ಬಹಳ ಮಂದಿ ಹಳ್ಳಿಯವರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಮ್ಮೆಲೇ ಇಂಗ್ಲಿಷಿನ ವಿಜ್ಞಾನ ಪಾಠಕ್ಕೆ ಬಿದ್ದವರು. ರಾತ್ರಿ ಊಟವಾದ ಮೇಲೆ ಒಬ್ಬಿಬ್ಬರು ಲೆಕ್ಕ ಹಿಡಿದುಕೊಂಡು ನನ್ನ ಬಳಿಗೆ ಬರುವುದುಂಟು. ಒಬ್ಬನಿಗೆ ಒಮ್ಮೆ ಕೇಳಿದೆ, "36 ಗ್ರಾಂ ನೀರಿನಲ್ಲಿ ಎಷ್ಟು ಮೋಲ್?" ಅವನು ತಡಮಾಡದೆ "ಎರಡು" ಎಂದ. ಉತ್ತರ ಸರಿ. "ಎರಡು ಏನು?" ಎಂದೆ. ಅವನು ಸುಮ್ಮನಾದ. ಬಳಿಕ, "ಅಣ್ಣಾ, ಸೂತ್ರ ಗೊತ್ತು. ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬುದೂ ಗೊತ್ತು. ಭಾಗಿಸಿದ ಮೇಲೆ ಕೈಗೆ ಬಂದದ್ದು ಏನೆಂಬುದು ಮಾತ್ರ ಗೊತ್ತಿಲ್ಲ," ಎಂದ. ಅವನು ದಡ್ಡನಲ್ಲ. ದಡ್ಡನಿಗೆ ತನಗೇನು ಗೊತ್ತಿಲ್ಲವೆಂಬುದು ಅಷ್ಟು ನಿಖರವಾಗಿ ಗೊತ್ತಿರುವುದಿಲ್ಲ. ಆದರೂ ಅವನು ಆ ತಿಂಗಳು ವಿಜ್ಞಾನವನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದ. ಮನೆಯಲ್ಲಿ ಅವನಿಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಬಿಡಬೇಡವೆಂದು ಹೇಳುವವರೂ ಇರಲಿಲ್ಲ.

ಮೊಳೆ ಮಾರುವ ಅಂಗಡಿಗೆ ಹೋಗಿ ಐನೂರು ಮೊಳೆ ಕೊಡಿ ಎಂದರೆ ಅಂಗಡಿಯವನು ಕುಳಿತು ಎಣಿಸುವುದಿಲ್ಲ. ತಕ್ಕಡಿಗೆ ಹಾಕಿ ತೂಗಿ ಕೊಡುತ್ತಾನೆ. ಆ ಅಳತೆಯ ಮೊಳೆ ಕಿಲೋ ಒಂದಕ್ಕೆ ಎಷ್ಟು ಬರುತ್ತದೆಂಬುದು ಅವನಿಗೂ ಗೊತ್ತು, ಕೊಳ್ಳುವ ಬಡಗಿಗೂ ಗೊತ್ತು. ಒಂದೇ ಬಗೆಯ, ಒಂದೇ ತೂಕದ ವಸ್ತುಗಳು ಬಹಳವಾಗಿದ್ದಾಗ ಎಣಿಸುವ ಬದಲು ತೂಗುವುದು ಬುದ್ಧಿವಂತಿಕೆ. ಮೋಲ್ ಎಂಬುದರ ತಿರುಳೆಲ್ಲ ಇಷ್ಟೇ: ತೂಗಿ ಎಣಿಸುವುದು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ನೂರು ಕಡಲೆ ಕಾಳು 20 ಗ್ರಾಂ ತೂಗುತ್ತದೆ, ನೂರು ಹೆಸರುಕಾಳು 4 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಎಂದರೆ ಒಂದು ಕಡಲೆಯ ತೂಕ ಒಂದು ಹೆಸರುಕಾಳಿನ ಐದರಷ್ಟು. ಈಗ ಒಂದು ಕಿಲೋ ಕಡಲೆಯಲ್ಲಿ ಎಷ್ಟು ಕಾಳಿವೆಯೋ ಅಷ್ಟೇ ಹೆಸರುಕಾಳು ಬೇಕಾದರೆ ಎಷ್ಟು ತೂಗಬೇಕು? ಐದನೆಯ ಒಂದು ಭಾಗ, ಅಂದರೆ 200 ಗ್ರಾಂ. ಇಲ್ಲಿ ನಾವು ಕಿಲೋದಲ್ಲಿ ಎಷ್ಟು ಕಾಳಿವೆಯೆಂದು ಎಣಿಸಲೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಂದಕ್ಕೊಂದರ ತೂಕದ ಪ್ರಮಾಣ ತಿಳಿದಿದ್ದರೆ ಸಾಕು. ಸಮಸಂಖ್ಯೆಯ ರಾಶಿಗಳನ್ನು ತಕ್ಕಡಿಯೇ ಮಾಡಿಕೊಡುತ್ತದೆ.

ಪರಮಾಣುಗಳ ವಿಷಯವೂ ಹೀಗೆಯೇ. ಒಂದು ಇಂಗಾಲದ ಪರಮಾಣು ಒಂದು ಜಲಜನಕದ ಪರಮಾಣುವಿನ ಸುಮಾರು ಹನ್ನೆರಡರಷ್ಟು ತೂಗುತ್ತದೆ, ಆಮ್ಲಜನಕದ್ದು ಹದಿನಾರರಷ್ಟು, ಗಂಧಕದ್ದು ಮೂವತ್ತೆರಡರಷ್ಟು. ಆದುದರಿಂದ 1 ಗ್ರಾಂ ಜಲಜನಕ, 12 ಗ್ರಾಂ ಇಂಗಾಲ, 16 ಗ್ರಾಂ ಆಮ್ಲಜನಕ, 32 ಗ್ರಾಂ ಗಂಧಕ, ಈ ನಾಲ್ಕು ರಾಶಿಗಳಲ್ಲಿಯೂ ಪರಮಾಣುಗಳ ಸಂಖ್ಯೆ ಒಂದೇ. ಹನ್ನೆರಡಕ್ಕೆ ಡಜನ್ ಎಂದು ಹೆಸರಿಟ್ಟಂತೆ ಆ ಸಂಖ್ಯೆಯಷ್ಟು ಇರುವ ರಾಶಿಗೆ ಮೋಲ್ ಎಂದು ಹೆಸರಿಟ್ಟರು. 36 ಗ್ರಾಂ ನೀರನ್ನು 18ರಿಂದ ಭಾಗಿಸಿದಾಗ ನಮ್ಮ ಹುಡುಗನಿಗೆ ದೊರೆತದ್ದು ನೀರಿನ ಅಣುಗಳ ಎರಡು ರಾಶಿ. ಅವನಿಗೆ ಬೇಕಾಗಿದ್ದ ಉತ್ತರ ಇದು.

ರಾಶಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಜರ್ಮನಿಯ ವಿಜ್ಞಾನಿ ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್ 19ನೆಯ ಶತಮಾನದ ಕೊನೆಯ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದ. ಅದರ ಬೇರು ಲ್ಯಾಟಿನ್ನಿನ 'ಮೋಲೆಸ್', ಎಂದರೆ ದೊಡ್ಡ ಗುಡ್ಡೆ, ರಾಶಿ. ಅಣುವಿಗೆ ಇಂಗ್ಲಿಷಿನಲ್ಲಿರುವ 'ಮಾಲಿಕ್ಯೂಲ್' ಎಂಬ ಹೆಸರೂ ಅದೇ ಬೇರಿನದು. ಅದು ಪುಟ್ಟ ರಾಶಿ. ಸುಗ್ಗಿಯಲ್ಲಿ ಕಣದ ನಡುವೆ ರಾಶಿ ಕಂಡು ಬೆಳೆದ ಹುಡುಗನಿಗೆ ಈ ಒಂದು ಮಾತನ್ನು ಹೇಳಿದರೆ ಪರದೇಶದ ಶಬ್ದ ಮನೆಯ ಶಬ್ದವಾಗುತ್ತದೆ. ಇಂಗ್ಲಿಷಿನಲ್ಲಿ ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಥ ಮೊದಲು ಬರಲಿ, ಹೆಸರು ಆಮೇಲೆ ಬರಲಿ ಎಂಬುದಷ್ಟೇ ನನ್ನ ಅರಿಕೆ.

ಇನ್ನು ಆ ಸಂಖ್ಯೆ. ಅದು 6.022 × 10²³. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಸುಮಾರು 602 ಕೋಟಿ ಕೋಟಿ ಕೋಟಿ. ಇದನ್ನು ಮನಸ್ಸಿಗೆ ತಂದುಕೊಳ್ಳುವ ಬಗೆ ಹೇಗೆ? ಸಾವಿರ ಭತ್ತದ ಕಾಳು ಸುಮಾರು 25 ಗ್ರಾಂ ತೂಗುತ್ತದೆ. ಒಂದು ಮೋಲ್ ಭತ್ತದ ಕಾಳನ್ನು ಬೆಳೆಯಬೇಕಾದರೆ, ಇಡೀ ಪ್ರಪಂಚ ಈಗ ವರ್ಷಕ್ಕೆ ಬೆಳೆಯುವ ಸುಮಾರು 80 ಕೋಟಿ ಟನ್ ಭತ್ತದ ಲೆಕ್ಕದಲ್ಲಿ, ಹೆಚ್ಚು ಕಡಿಮೆ ಎರಡು ಕೋಟಿ ವರ್ಷ ಬೇಕು. ಅಷ್ಟೇ ಸಂಖ್ಯೆಯ ನೀರಿನ ಅಣುಗಳೋ ನಮ್ಮ ಅಂಗೈಯ ಗುಳಿಯಲ್ಲಿ ನಿಲ್ಲುತ್ತವೆ: 18 ಗ್ರಾಂ! ಪರಮಾಣು ಎಷ್ಟು ಕಿರಿದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಈ ಮಹಾಸಂಖ್ಯೆಯನ್ನು ಮೊದಲ ದಿನವೇ ಕರಿಹಲಗೆಯ ಮೇಲೆ ಬರೆದು ಹುಡುಗರನ್ನು ಬೆಚ್ಚಿಸುವುದು ಅನಾವಶ್ಯಕ. ಕಡಲೆ ಹೆಸರುಕಾಳಿನ ಲೆಕ್ಕಕ್ಕೆ ಅದು ಬೇಕಾಗಲಿಲ್ಲ. ರಸಾಯನಶಾಸ್ತ್ರದ ಮುಕ್ಕಾಲು ಪಾಲು ಲೆಕ್ಕಗಳಿಗೂ ಬೇಕಾಗುವುದಿಲ್ಲ.

ಯಾರ ಹೆಸರನ್ನು ಈ ಸಂಖ್ಯೆಗೆ ಇಟ್ಟಿದೆಯೋ ಆ ಅವೊಗಾಡ್ರೊ ಮಹಾಶಯನಿಗೇ ಆ ಸಂಖ್ಯೆ ಗೊತ್ತಿರಲಿಲ್ಲವೆಂದರೆ ಮಿತ್ರರು ನಂಬುವರೇ? ಅವನು ಇಟಲಿಯವನು, ಮೊದಲು ಕಾನೂನು ಓದಿ ವಕೀಲಿ ಮಾಡಿದವನು. ರಸಾಯನಶಾಸ್ತ್ರಕ್ಕೆ ತಕ್ಕಡಿಯ ಶಿಸ್ತನ್ನು ತಂದು, ಕ್ರಿಯೆಗೆ ಮುಂಚಿನ ತೂಕವೂ ಅನಂತರದ ತೂಕವೂ ಒಂದೇ ಎಂದು ಸಾರಿದ ಫ್ರಾನ್ಸಿನ ಲವಾಸಿಯೆ ಕೂಡ ಕಾನೂನಿನ ಪದವೀಧರನೇ. ಕಲಾ ವಿದ್ಯಾರ್ಥಿಗಳು ಈ ಎರಡು ಹೆಸರುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಅಂದಿನ ತೊಡಕು ಇದು: ನೀರಿನಲ್ಲಿ 1 ಗ್ರಾಂ ಜಲಜನಕಕ್ಕೆ 8 ಗ್ರಾಂ ಆಮ್ಲಜನಕ ಕೂಡಿಕೊಂಡಿರುತ್ತದೆಂದು ತಕ್ಕಡಿ ಹೇಳುತ್ತದೆ. ಆದರೆ ಒಂದಕ್ಕೆ ಒಂದು ಪರಮಾಣು ಸೇರಿದೆಯೋ, ಎರಡಕ್ಕೆ ಒಂದು ಸೇರಿದೆಯೋ ಎಂಬುದನ್ನು ತಕ್ಕಡಿ ಹೇಳಲಾರದು. 1808ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಇಂಗ್ಲೆಂಡಿನ ಡಾಲ್ಟನ್ ಒಂದಕ್ಕೆ ಒಂದು ಎಂದು ಭಾವಿಸಿದ. ಆ ಲೆಕ್ಕದಲ್ಲಿ ಆಮ್ಲಜನಕದ ತೂಕ ಹದಿನಾರರ ಅರ್ಧಕ್ಕೆ ಇಳಿಯಿತು. ಸಮಾನ ಉಷ್ಣತೆ, ಸಮಾನ ಒತ್ತಡಗಳಲ್ಲಿ ಸಮಾನ ಗಾತ್ರದ ಅನಿಲಗಳಲ್ಲೆಲ್ಲ ಅಣುಗಳ ಸಂಖ್ಯೆ ಒಂದೇ ಎಂದು 1811ರಲ್ಲಿ ಅವೊಗಾಡ್ರೊ ಸೂಚಿಸಿದ. ಜಲಜನಕ ಎರಡು ಪಾಲು, ಆಮ್ಲಜನಕ ಒಂದು ಪಾಲು ಗಾತ್ರದಲ್ಲಿ ಕೂಡಿ ನೀರಾಗುತ್ತವಾದ್ದರಿಂದ ಎರಡಕ್ಕೆ ಒಂದು ಎಂಬ ಲೆಕ್ಕ ಖಚಿತವಾಯಿತು. ನಮ್ಮ ಅಜ್ಜಿಯರು ಕಾಳನ್ನು ತೂಗದೆ ಸೇರಿನಲ್ಲಿ ಅಳೆಯುತ್ತಿದ್ದರಲ್ಲ, ಹಾಗೆ ಅನಿಲಕ್ಕೆ ಸೇರಿನಿಂದಲೇ ಎಣಿಸುವ ಉಪಾಯ ಸಿಕ್ಕಿತು. ಕಾಳು ದಪ್ಪವೋ ಸಣ್ಣದೋ ಎಂಬುದರ ಮೇಲೆ ಸೇರಿನೊಳಗಿನ ಎಣಿಕೆ ಬದಲಾಗುತ್ತದೆ. ಅನಿಲದಲ್ಲಿ ಅದು ಬದಲಾಗದೆಂಬುದೇ ಅವೊಗಾಡ್ರೊ ಕಂಡ ಸೋಜಿಗ.

ಇಷ್ಟು ಸರಳವಾದ ಮಾತನ್ನು ಆಗಿನ ಪಂಡಿತರು ಒಪ್ಪಿದರೇ? ಇಲ್ಲ. ಅವೊಗಾಡ್ರೊ 1856ರಲ್ಲಿ ತೀರಿಕೊಂಡ. 1858ರಲ್ಲಿ ಅವನ ನಾಡಿನವನೇ ಆದ ಕನಿಜಾರೊ ಅದೇ ತತ್ತ್ವವನ್ನು ಸ್ಪಷ್ಟವಾಗಿ ಬರೆದು, 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನೆರೆದ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಅದಕ್ಕಾಗಿ ವಾದಿಸಿದ. ಅವನ ಕಿರುಹೊತ್ತಗೆಯನ್ನು ಅಲ್ಲಿ ಹಂಚಲಾಯಿತು. ಅಲ್ಲಿಂದೀಚೆಗೆ ಮಂಜು ಕರಗತೊಡಗಿತು. ಸಂಖ್ಯೆಯ ಮೊದಲ ಅಂದಾಜಿಗೆ ದಾರಿಮಾಡಿದವನು ಆಸ್ಟ್ರಿಯದ ಲೊಶ್ಮಿಟ್, 1865ರಲ್ಲಿ. ಅದಕ್ಕೆ ಅವೊಗಾಡ್ರೊನ ಹೆಸರಿಟ್ಟವನು ಫ್ರಾನ್ಸಿನ ಪೆರೆನ್, 1909ರಲ್ಲಿ. ತಮಾಷೆಯೆಂದರೆ ಮೋಲ್ ಎಂಬ ಹೆಸರನ್ನು ಕೊಟ್ಟ ಆಸ್ಟ್‌ವಾಲ್ಡನೇ ಬಹುಕಾಲ ಪರಮಾಣುಗಳ ಇರವನ್ನು ನಂಬದವನಾಗಿದ್ದ!

ಈ ಚರಿತ್ರೆಯನ್ನು ಹೇಳಿದ್ದು ಪಾಂಡಿತ್ಯ ಮೆರೆಸಲು ಅಲ್ಲ. ಯುರೋಪಿನ ಮಹಾಮಹೋಪಾಧ್ಯಾಯರಿಗೆ ಐವತ್ತು ವರ್ಷ ಹಿಡಿದ ಮಾತನ್ನು ನಮ್ಮ ಹದಿನಾರು ವರ್ಷದ ಹುಡುಗ ಹುಡುಗಿಯರಿಗೆ ನಾಲ್ಕೈದು ತರಗತಿಗಳಲ್ಲಿ, ಹೊಸದೊಂದು ಭಾಷೆಯಲ್ಲಿ, ಒಂದು ಸೂತ್ರದ ರೂಪದಲ್ಲಿ ಕೊಟ್ಟು, ತಿಳಿಯದಿದ್ದರೆ ನಿನಗೆ ವಿಜ್ಞಾನ ಒಗ್ಗದೆಂದು ತೀರ್ಮಾನಿಸುವುದು ನ್ಯಾಯವೇ? ಅವರಾಗಿ ತೀರ್ಮಾನಿಸಿಕೊಳ್ಳುವಂತೆ ಬಿಡುವುದಾದರೂ ನ್ಯಾಯವೇ?

ತಿಳಿದವರಿಗೆ ಅದೆಂತಹ ಸಾಧನವೆಂಬುದನ್ನೂ ಹೇಳಬೇಕು. ಸುಣ್ಣದ ಗೂಡನ್ನು ಕಂಡವರು ನಮ್ಮಲ್ಲಿ ಅನೇಕರಿರಬಹುದು. ಸುಣ್ಣಕಲ್ಲಿನಲ್ಲಿ ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕ ಹದಿನಾರರ ಮೂರರಷ್ಟು, ಎಂದರೆ 48, ಒಟ್ಟು 100. ಸುಟ್ಟಾಗ 44 ಪಾಲು ಇಂಗಾಲಾಮ್ಲ ವಾಯುವಾಗಿ ಹಾರಿಹೋಗಿ 56 ಪಾಲು ಸುಟ್ಟ ಸುಣ್ಣ ಉಳಿಯುತ್ತದೆ. ನೂರು ಕಿಲೋ ಶುದ್ಧವಾದ ಕಲ್ಲಿಗೆ 56 ಕಿಲೋ ಸುಣ್ಣ. ಎಷ್ಟೇ ಕಟ್ಟಿಗೆ ಉರಿಸಿದರೂ 57 ಆಗದು. ಆ 56ಕ್ಕೆ 18 ಪಾಲು ನೀರು ಕೂಡಿಕೊಂಡು 74 ಪಾಲು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ 44 ಪಾಲು ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿ, 18 ಪಾಲು ನೀರನ್ನು ಬಿಟ್ಟುಕೊಟ್ಟು, ಮರಳಿ ನೂರು ಪಾಲು ಕಲ್ಲಾಗುತ್ತದೆ. ಪ್ರಕೃತಿ ತನ್ನ ಖಾತೆಪುಸ್ತಕದಲ್ಲಿ ಒಂದು ಕಾಸೂ ತಪ್ಪುವುದಿಲ್ಲ. ಈ ಖಾತೆಯನ್ನು ಓದುವ ವಿದ್ಯೆಗೆ 1792ರಲ್ಲಿ ಜರ್ಮನಿಯ ರಿಕ್ಟರ್ ಇಟ್ಟ ಹೆಸರು ಸ್ಟಾಯ್ಕಿಯೊಮೆಟ್ರಿ. ಹೆಸರು ಬಾಯಿಗೆ ದೊಡ್ಡದು. ಅರ್ಥ ಮೂಲವಸ್ತುಗಳ ಅಳತೆ ಎಂದಷ್ಟೇ.

ಯಾವ ಪದಾರ್ಥ ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುತ್ತದೆ ಎಂಬ ಲೆಕ್ಕವಂತೂ ಹುಡುಗರನ್ನು ತುಂಬ ಕಾಡುತ್ತದೆ. ಮದುವೆ ಮನೆಯಲ್ಲಿ ತಾಂಬೂಲ ಕಟ್ಟಿದವರಿಗೆ ಅದು ಹೊಸದಲ್ಲ. ಎರಡು ವೀಳ್ಯದೆಲೆಗೆ ಒಂದು ಅಡಿಕೆ ಎಂದಿಟ್ಟುಕೊಳ್ಳೋಣ. ನೂರು ಎಲೆ, ಅರವತ್ತು ಅಡಿಕೆ ಇದ್ದರೆ ಐವತ್ತು ತಾಂಬೂಲವಾಗಿ ಹತ್ತು ಅಡಿಕೆ ಉಳಿಯುತ್ತದೆ. ನೀರೂ ಇಂತಹದೇ ತಾಂಬೂಲ: ಎರಡು ಪಾಲು ಜಲಜನಕದ ಅಣುಗಳಿಗೆ ಒಂದು ಪಾಲು ಆಮ್ಲಜನಕದ್ದು. 4 ಗ್ರಾಂ ಜಲಜನಕ, 40 ಗ್ರಾಂ ಆಮ್ಲಜನಕ ಕೊಟ್ಟರೆ, ಎರಡು ರಾಶಿ ಜಲಜನಕಕ್ಕೆ ಒಂದು ರಾಶಿ, ಎಂದರೆ 32 ಗ್ರಾಂ, ಆಮ್ಲಜನಕ ಸಾಕು. 36 ಗ್ರಾಂ ನೀರಾಗುತ್ತದೆ, 8 ಗ್ರಾಂ ಆಮ್ಲಜನಕ ಉಳಿಯುತ್ತದೆ. ತೂಕ ಹೆಚ್ಚಿದ್ದರೂ ಆಮ್ಲಜನಕ ಉಳಿಯಿತು, ತೂಕ ಕಡಿಮೆಯಿದ್ದ ಜಲಜನಕ ಮುಗಿಯಿತು. ಕಡಿಮೆ ತೂಗುವುದು ಮೊದಲು ಮುಗಿಯುತ್ತದೆಂದು ತಿಳಿದು ಇದನ್ನು ಒಪ್ಪಿಬಿಡಬಾರದು. 4 ಗ್ರಾಂ ಜಲಜನಕಕ್ಕೆ 24 ಗ್ರಾಂ ಆಮ್ಲಜನಕವನ್ನೇ ಕೊಟ್ಟಿದ್ದರೆ, ತೂಕ ಹೆಚ್ಚಿದ್ದ ಆಮ್ಲಜನಕವೇ ಮೊದಲು ಮುಗಿಯುತ್ತಿತ್ತು. ಯಾವುದು ಮುಗಿಯುತ್ತದೆಂಬುದನ್ನು ತೂಕ ಹೇಳದು, ಎಣಿಕೆ ಹೇಳುತ್ತದೆ.

ಇವೆಲ್ಲ ವಿಜ್ಞಾನಿಯಾಗುವವನಿಗೆ ಇರಲಿ, ನಮಗೇಕೆ ಎಂದು ಕಲಾ ವಿದ್ಯಾರ್ಥಿ ಕೇಳಬಹುದು. ಯೂರಿಯಾದ ತೂಕ 60ರಲ್ಲಿ ಸಾರಜನಕದ್ದು 28. ಎಂದರೆ ನೂರಕ್ಕೆ 46ಕ್ಕಿಂತ ತುಸು ಹೆಚ್ಚು. ಚೀಲದ ಮೇಲೆ 46 ಎಂದು ಅಚ್ಚಾಗಿರುವುದು ಇದೇ. ಅಮೋನಿಯಂ ಸಲ್ಫೇಟಿನಲ್ಲಿ 132ಕ್ಕೆ 28. ಎಂದರೆ ನೂರಕ್ಕೆ ಸುಮಾರು 21. ಆದುದರಿಂದ 45 ಕಿಲೋ ಯೂರಿಯಾ ಕೊಡುವಷ್ಟು ಸಾರಜನಕಕ್ಕೆ ಅಮೋನಿಯಂ ಸಲ್ಫೇಟು ಸುಮಾರು ನೂರು ಕಿಲೋ ಬೇಕು. ರೈತನ ಮಗನಿಗೆ ಇದು ಮನೆಯ ಖರ್ಚಿನ ಲೆಕ್ಕ. ಬಳ್ಳಾರಿ, ಸಂಡೂರುಗಳ ಬೆಟ್ಟಗಳಲ್ಲಿರುವ ಹೆಮಟೈಟ್ ಖನಿಜದಲ್ಲಿ 160ಕ್ಕೆ 112 ಪಾಲು ಕಬ್ಬಿಣ. ಅದು ಎಷ್ಟೇ ಶುದ್ಧವಾಗಿದ್ದರೂ ನೂರಕ್ಕೆ 70ನ್ನು ಮೀರದು. ಅದಿರಿನ ವ್ಯವಹಾರದ ಸುದ್ದಿ ಓದುವ ನಾಗರಿಕನಿಗೆ ಇದು ತಿಳಿದಿರಬೇಡವೇ? ಒಂದು ಟನ್ ಇಂಗಾಲ ಪೂರ್ತಿ ಉರಿದರೆ ಹೊರಬರುವ ಇಂಗಾಲಾಮ್ಲ ಸುಮಾರು 3.67 ಟನ್, ಏಕೆಂದರೆ 12ಕ್ಕೆ 44. ಉರಿಸಿದ್ದಕ್ಕಿಂತ ಹೊಗೆಯೇ ಹೆಚ್ಚು ತೂಗುವುದುಂಟೇ ಎಂದು ನಕ್ಕವರನ್ನು ನೋಡಿದ್ದೇನೆ. ಗಾಳಿಯ ಆಮ್ಲಜನಕ ಅದರೊಡನೆ ಸೇರಿದೆಯೆಂಬುದು ಅವರಿಗೆ ಹೊಳೆಯುವುದಿಲ್ಲ. ಹವಾಮಾನದ ಚರ್ಚೆಗಳಲ್ಲಿ ಇಂಗಾಲದ ಲೆಕ್ಕವನ್ನೂ ಇಂಗಾಲಾಮ್ಲದ ಲೆಕ್ಕವನ್ನೂ ಬೆರೆಸಿಬಿಟ್ಟರೆ ಅಂಕೆಗಳು ಮೂರೂವರೆ ಪಟ್ಟಿಗಿಂತ ಹೆಚ್ಚು ಏರುಪೇರಾಗುತ್ತವೆ. ನಾಳೆ ಪತ್ರಕರ್ತರೂ ಆಡಳಿತಗಾರರೂ ಆಗುವವರು ಈ ಕಾಲೇಜಿನಂತಹ ಕಾಲೇಜುಗಳಿಂದಲೇ ಬರಬೇಕಲ್ಲವೆ?

ನನ್ನ ಮಾತಿಗೆ ಎರಡು ಆಕ್ಷೇಪಗಳುಂಟು. ಸೂತ್ರವನ್ನು ಉರು ಹೊಡೆದರೆ ಅಂಕ ಬರುತ್ತದೆ, ತಿಳಿವಳಿಕೆ ಆಮೇಲೆ ಬರಲಿ ಎಂಬುದು ಒಂದು. ಅಂಕ ಬರುವುದು ಪ್ರಶ್ನೆ ಸೂತ್ರದ ದಾರಿಯಲ್ಲಿಯೇ ನಡೆಯುವವರೆಗೆ. ಪ್ರಶ್ನೆ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಉರು ಹೊಡೆದವನು ನಿಂತಲ್ಲೇ ನಿಲ್ಲುತ್ತಾನೆ. ಆಮೇಲೆ ಬರಲೆಂದು ಬಿಟ್ಟ ತಿಳಿವಳಿಕೆಯೋ ಬಹಳ ಮಂದಿಗೆ ಬರುವುದೇ ಇಲ್ಲ. ಪಾಠ ಮುಗಿಸಲೇ ಸಮಯ ಸಾಲದು, ಆಟಕ್ಕೆಲ್ಲಿ ಬಿಡುವು ಎಂಬುದು ಎರಡನೆಯದು. ತುಂಬಿದ ತರಗತಿ, ಮುಗಿಯದ ಪಾಠಪಟ್ಟಿ ಇವುಗಳ ನಡುವೆ ನಮ್ಮ ಅಧ್ಯಾಪಕರು ಪಡುವ ಪಾಡು ನನಗೆ ತಿಳಿಯದ್ದೇನಲ್ಲ. ಅವರನ್ನು ದೂರುವುದು ನನ್ನ ಉದ್ದೇಶವೂ ಅಲ್ಲ. ಆದರೆ ಮೊದಲ ದಿನ ಉಳಿಸಿದ ಒಂದು ಗಂಟೆಗೆ ವರ್ಷವಿಡೀ ಬಡ್ಡಿ ಕಟ್ಟಬೇಕಾಗುತ್ತದೆ.

ಆದುದರಿಂದ ನನ್ನ ಸೂಚನೆಗಳು ಸಣ್ಣವು, ಖರ್ಚಿಲ್ಲದವು. ಸೂತ್ರಕ್ಕೆ ಮುಂಚೆ ಒಂದು ತರಗತಿಯನ್ನು ತಕ್ಕಡಿಗೂ ಎರಡು ಬಗೆಯ ಕಾಳುಗಳಿಗೂ ಮೀಸಲಿಡಲಿ. ಮೋಲ್ ಎಂದಾಗಲೆಲ್ಲ ಯಾವುದರ ಮೋಲ್ ಎಂದು ಕೇಳುವ ಅಭ್ಯಾಸವಾಗಲಿ. ಒಂದು ಮೋಲ್ ಆಮ್ಲಜನಕವೆಂದರೆ ಪರಮಾಣುಗಳಾದರೆ 16 ಗ್ರಾಂ, ಅಣುಗಳಾದರೆ 32. ಪ್ರತಿಯೊಂದು ಸಮೀಕರಣವನ್ನೂ ಒಮ್ಮೆಯಾದರೂ ಕನ್ನಡದ ವಾಕ್ಯವಾಗಿ ಬಾಯಿಬಿಟ್ಟು ಓದಲಿ. ಕೈಯಿಂದ ಕೈಗೆ ಬಂದ ನೋಟ್ಸುಗಳನ್ನೂ ಒಮ್ಮೆ ತಿದ್ದಿಕೊಳ್ಳಲಿ. ನಾನು ಕಂಡ ಅನೇಕ ನೋಟ್ಸುಗಳಲ್ಲಿ 1971ರ ವ್ಯಾಖ್ಯೆಯೇ, ಅಂದರೆ 12 ಗ್ರಾಂ ಇಂಗಾಲ-12ರಲ್ಲಿರುವಷ್ಟು ಪರಮಾಣುಗಳೆಂಬುದೇ ಇದೆ. 2019ರ ಮೇ 20ರಿಂದ ಮೋಲ್ ಎಂದರೆ 6.02214076 × 10²³ ಎಂದು ಸಂಖ್ಯೆಯನ್ನೇ ನಿಶ್ಚಯಿಸಲಾಗಿದೆ. ತೂಕದ ಹಂಗಿಲ್ಲದೆ ಎಣಿಕೆಯೇ ವ್ಯಾಖ್ಯೆಯಾಯಿತು. ಹಳ್ಳಿಯ ಹುಡುಗನಿಗೆ ಮೊದಲು ಹೇಳಬೇಕಾಗಿದ್ದ ಮಾತನ್ನು ಪ್ರಪಂಚದ ವಿಜ್ಞಾನಿಗಳ ಮಹಾಸಭೆಯೂ ಕೊನೆಗೆ ಹೇಳಿತು: ಮೋಲ್ ಎಂಬುದು ಒಂದು ಎಣಿಕೆ.

ತೂಗುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಸಂತೆಯಲ್ಲಿ ಕಾಳು ತೂಗುವವರ, ಸುಣ್ಣ ಸುಡುವವರ, ಗೊಬ್ಬರ ಹೊರುವವರ ಮಕ್ಕಳೇ ಸರ್ಕಾರಿ ಕಾಲೇಜುಗಳ ಬೆಂಚುಗಳ ಮೇಲೆ ಕುಳಿತಿದ್ದಾರೆ. ಅವರ ಮನೆಯ ತಿಳಿವಳಿಕೆಯನ್ನೇ ತರಗತಿಯಲ್ಲಿ ಅವರಿಗೆ ಪರಕೀಯವೆಂಬಂತೆ ತೋರಿಸಿದರೆ ನಷ್ಟ ಅವರೊಬ್ಬರದೇ ಅಲ್ಲ. ಕಲೆಯನ್ನು ಪ್ರೀತಿಸಿ ಬರುವವರಿಗೆ ನಮ್ಮ ಕಾಲೇಜಿನ ಬಾಗಿಲು ಸದಾ ತೆರೆದಿರಲಿ. ಬರಿಯ ಒಂದು ಗುಮ್ಮನಿಗೆ ಹೆದರಿ ಯಾರೂ ಈ ಬಾಗಿಲಿಗೆ ಓಡಿ ಬರುವಂತಾಗದಿರಲಿ.